ಮಲಗಿದ್ದ ಕ್ಯಾಪ್ಟನ್ನನ ಹೊಣೆ

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಮಂಡ್ಯ ಕಡೆಯ ರೈತರ ಮಗ. ಸರಕು ಹಡಗಿನ ಕ್ಯಾಪ್ಟನ್. ಈಗ ಮೈಸೂರಿನಲ್ಲಿ ಮನೆ ಮಾಡಿದ್ದಾರೆ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆದುಕೊಂಡು ಬಂದವರು ಹೆಂಡತಿ. "ರಾತ್ರಿ ಎರಡಕ್ಕೆ ಎದ್ದುಬಿಡ್ತಾರೆ ಮೇಡಂ. ಗೇಟು, ಗ್ಯಾಸು ಎಲ್ಲ ನೋಡ್ಕೊಂಡು ಬರ್ತಾರೆ. ಆಮೇಲೆ ನಿದ್ದೆನೇ ಇಲ್ಲ."

ಹಡಗಿನಲ್ಲಿ ರಾತ್ರಿ ಹನ್ನೆರಡರಿಂದ ನಾಲ್ಕರವರೆಗಿನ ವಾಚ್, ಅಂದರೆ ಹಡಗು ನಡೆಸುವ ಪಾಳಿ, ಸಾಮಾನ್ಯವಾಗಿ ಸೆಕೆಂಡ್ ಆಫೀಸರ್‌ದು. ಅಪಘಾತವಾದ ರಾತ್ರಿ ಆತ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಕುರ್ಚಿಯಲ್ಲೇ ನಿದ್ದೆಹೋದ. ತಿರುಗಬೇಕಾದಲ್ಲಿ ಹಡಗು ತಿರುಗದೆ ಮರಳದಿಬ್ಬ ಹತ್ತಿತು. ಯಾರಿಗೂ ಪೆಟ್ಟಾಗಲಿಲ್ಲ, ಎಣ್ಣೆ ಸೋರಲಿಲ್ಲ. ಕ್ಯಾಪ್ಟನ್ ಕ್ಯಾಬಿನ್‌ನಲ್ಲಿ ಮಲಗಿದ್ದರು. ವಿಚಾರಣೆ ಇನ್ನೂ ಮುಗಿದಿಲ್ಲ.

ಮನೆಯವರೆಲ್ಲ ಸಮಾಧಾನ ಹೇಳಿದ್ದರು. "ನೀನ್ ಮಲ್ಗಿದ್ದೆ ಕಣ್ ಮಗ, ನಿಂದೇನ್ ತಪ್ಪು?" ಅಂತ ಅಪ್ಪ. ಪ್ರೀತಿಯ ಮಾತು, ಆದರೆ ಅದೇ ಅವರನ್ನು ಒಂಟಿ ಮಾಡಿತ್ತು. ಕ್ಯಾಪ್ಟನ್ ಮಲಗಿದರೂ ಹಡಗಿನ ಹೊಣೆ ಅವರದೇ ಎಂದು ಅವರಿಗೆ ಗೊತ್ತು. "1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಅನ್ನೋ ಎಣ್ಣೆ ಹಡಗು ಬಂಡೆಗೆ ಬಡಿದಾಗ ಬ್ರಿಡ್ಜ್‌ನಲ್ಲಿದ್ದದ್ದು ಥರ್ಡ್ ಮೇಟ್, ಕಿರಿಯ ಅಧಿಕಾರಿ. ಕೋರ್ಟಿನಲ್ಲಿ ನಿಂತದ್ದು ಕ್ಯಾಪ್ಟನ್" ಎಂದರು.

ನಾನು "ನಿಮ್ಮ ತಪ್ಪಿಲ್ಲ" ಎನ್ನಲಿಲ್ಲ. "ಮಲಗುವ ಮೊದಲು ನಿಮಗೆ ಏನೇನು ಗೊತ್ತಿತ್ತು?" ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದೇ ಹೊರಬಂತು. ಕತ್ತಲಲ್ಲಿ ಆಫೀಸರ್ ಜೊತೆ ಲುಕ್‌ಔಟ್, ಅಂದರೆ ಸುತ್ತ ಕಣ್ಣಿಟ್ಟಿರುವ ಒಬ್ಬ ನಾವಿಕ, ಇರಲೇಬೇಕು. ಬೆಳಿಗ್ಗೆ ಕೆಲಸ ಜಾಸ್ತಿ ಎಂದು ಆ ನಾವಿಕನನ್ನು ಮಲಗಲು ಕಳಿಸಲು ಇವರೇ ಒಪ್ಪಿದ್ದರು. ಬ್ರಿಡ್ಜ್‌ನಲ್ಲಿ ಅಲುಗಾಟವಿಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಕೂಗುವ, ಯಾರೂ ಓಗೊಡದಿದ್ದರೆ ಕೆಳಗಿನವರನ್ನೂ ಎಬ್ಬಿಸುವ ಅಲಾರಂ ಇದೆ. ಅದು ಆಫ್ ಆಗಿದ್ದದ್ದು ಇವರಿಗೆ ಗೊತ್ತಿತ್ತು. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಎಂಬುದು ಅಂತರರಾಷ್ಟ್ರೀಯ ನಿಯಮ. ಬಂದರಿನ ಕೆಲಸದಲ್ಲಿ ಸೆಕೆಂಡ್ ಆಫೀಸರ್ ಹುಡುಗನಿಗೆ ಅಷ್ಟು ವಿಶ್ರಾಂತಿ ಸಿಕ್ಕಿರಲಿಲ್ಲ. ಸಿಕ್ಕಿದೆ ಎಂದು ಬರೆದಿದ್ದ ಹಾಳೆಗೆ ಇವರು ಸಹಿ ಹಾಕಿದ್ದರು.

ಅಲ್ಲಿ ಅತ್ತರು. ರಾತ್ರಿ ಎಬ್ಬಿಸುತ್ತಿದ್ದದ್ದು ಆ ಸಹಿ.

ತಮ್ಮ ಪಾಲಿನದು ಎಷ್ಟು ಎಂದು ಗೊತ್ತಾಗದವರು ಎಲ್ಲವನ್ನೂ ಹೊರುತ್ತಾರೆ. ಹಾಗಾಗಿ ಲುಕ್‌ಔಟ್, ಅಲಾರಂ, ಸಹಿ, ಈ ಮೂರನ್ನೂ ಬರೆಯಲು ಹೇಳಿದೆ. ಕಡಿಮೆ ಜನರನ್ನಿಟ್ಟು ಹಡಗು ಓಡಿಸುವುದು, ಬಂದರಿನ ಅವಸರ, ಇವು ಅವರೊಬ್ಬರ ಕೈಲಿರಲಿಲ್ಲ. ಅದಕ್ಕೆ ಬೇರೆ ಹಾಳೆ. ವಿಚಾರಣೆಯ ಹೇಳಿಕೆಯನ್ನು ವಕೀಲರಿಗೆ ತೋರಿಸಿಯೇ ಕೊಡಿ, ಆದರೆ ಯಾವ ದಾಖಲೆಯನ್ನೂ ತಿದ್ದಬೇಡಿ ಎಂದೆ. ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಹಾಕಿಸಿದೆ. ಎಚ್ಚರವಾದರೆ ಒಂದೇ ಸಲ ಮನೆ ಸುತ್ತಿ ಬರಬೇಕು, ಮತ್ತೆ ಮತ್ತೆ ನೋಡಬಾರದು. ಕೆಲವು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು.

ಅಪ್ಪನಿಗೂ ಒಂದು ಮಾತು ಹೇಳಬೇಕಿತ್ತು, ಕರೆಸಿದೆ. "ನಾಲೆ ನೀರಿನ ಸರದಿಗೆ ಆಳು ಬಿಟ್ಟು ಬಂದು, ಅವನು ನಿದ್ದೆ ಮಾಡಿ ಪಕ್ಕದವರ ಗದ್ದೆಯ ಬದು ಒಡೆದರೆ ಯಾರನ್ನ ಕೇಳ್ತಾರೆ ಯಜಮಾನ್ರೇ?" ಎಂದೆ. "ನನ್ನೇ ಕೇಳ್ತಾರೆ" ಎಂದರು. ಮಗನ ಕಡೆ ತಿರುಗಿ, "ಅದ್ಯಾಕೆ ಸಹಿ ಹಾಕ್ದೆ, ಹೇಳು" ಎಂದು ಕೇಳಿದರು. ಮಗ ಮೊದಲ ಸಲ ಅವರಿಗೆ ಪೂರ್ತಿ ವಿಷಯ ಹೇಳಿದರು.