ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಹೊಡೆದಾಡೋಕಂತಲೇ ಒಬ್ಬ ಆಟಗಾರ ಇರ್ತಾನಾ?

ಪ್ರಶ್ನೆ: ನಾನು ಕೊಡಗಿನವನು, ಹಾಕಿ ನೋಡುತ್ತಲೇ ಬೆಳೆದವನು. ಹೋದ ಚಳಿಗಾಲದಲ್ಲಿ ಅಮೆರಿಕದ ಮಿನೆಸೋಟಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಳಿಯ ಐಸ್ ಹಾಕಿ ಪಂದ್ಯಕ್ಕೆ ಕರೆದುಕೊಂಡು ಹೋದರು. ನಡುವೆ ಇಬ್ಬರು ಗ್ಲೌಸ್ ಬಿಸಾಕಿ ಗುದ್ದಾಡಿದರು, ರೆಫರಿಗಳು ಸುಮ್ನೆ ನಿಂತಿದ್ದರು. ಹಿಂದೆಲ್ಲ ಇದಕ್ಕಂತಲೇ ಸಂಬಳ ಕೊಟ್ಟು 'ಎನ್‌ಫೋರ್ಸರ್' ಇಟ್ಟುಕೊಳ್ಳುತ್ತಿದ್ದರು ಅಂತ ಅಳಿಯ ಹೇಳಿದರು. ನಿಜವಾ? (ಓದುಗರು, ಮಡಿಕೇರಿ)

ಉತ್ತರ: ನಿಜ ಸರ್. ನಮ್ಮ ಹಾಕಿಯಲ್ಲಿ ಕೈ ಎತ್ತಿದರೆ ಕಾರ್ಡ್ ತೋರಿಸಿ ಹೊರಗೆ ಕಳಿಸುತ್ತಾರೆ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಗುದ್ದಾಡಿದವರು 5 ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತು ಮತ್ತೆ ಆಟಕ್ಕೆ ಇಳಿಯಬಹುದು. ಎರಡೂ ಕಡೆಯಿಂದ ಒಬ್ಬೊಬ್ಬರು ಕೂರುವುದರಿಂದ ಆಟದ ಲೆಕ್ಕ ಏರುಪೇರಾಗುವುದಿಲ್ಲ. ಈ ಸಡಿಲದಲ್ಲೇ ಎನ್‌ಫೋರ್ಸರ್ ಕೆಲಸ ಬೆಳೆದಿದ್ದು. ತನ್ನ ತಂಡದ ಒಳ್ಳೆಯ ಆಟಗಾರನಿಗೆ ಯಾರಾದರೂ ಬೇಕಂತಲೇ ಗುದ್ದಿದರೆ ಅವನನ್ನು ಹಿಡಿದು ಬಾರಿಸುವುದು, ಅದಕ್ಕಿಂತ ಜಾಸ್ತಿ, ಇವನು ಬಾರಿಸುತ್ತಾನೆ ಅನ್ನೋ ಹೆದರಿಕೆಯನ್ನು ಎದುರಾಳಿಗಳಲ್ಲಿ ಹುಟ್ಟಿಸಿ ಇಡುವುದು. 1980ರ ದಶಕದಲ್ಲಿ ಎಡ್ಮಂಟನ್ ತಂಡದ ಸ್ಟಾರ್ ಆಟಗಾರ ವೇಯ್ನ್ ಗ್ರೆಟ್ಸ್ಕಿಯನ್ನು ಮುಟ್ಟುವ ಮುಂಚೆ ಎಲ್ಲರೂ ಪಕ್ಕದಲ್ಲಿದ್ದ ಎನ್‌ಫೋರ್ಸರ್ ಡೇವ್ ಸೆಮೆಂಕೊ ಮುಖ ನೋಡಬೇಕಿತ್ತು.

ನೀವು ಹೋಗಿ ಬಂದಿದ್ದು ಮಿನೆಸೋಟಾಗೆ. ಹಾಗಾಗಿ ಅಲ್ಲಿನ 'ವೈಲ್ಡ್' ತಂಡದ ಡೆರೆಕ್ ಬೂಗಾರ್ಡ್ ಬಗ್ಗೆ ಹೇಳಲೇಬೇಕು. ಹುಟ್ಟಿದ್ದು 1982ರಲ್ಲಿ, ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ. ಅಪ್ಪ ಪೊಲೀಸ್, ಊರಿಂದ ಊರಿಗೆ ವರ್ಗ. ಹುಡುಗ ವಯಸ್ಸಿಗೆ ಮೀರಿ ಎತ್ತರ, ಸ್ಕೇಟಿಂಗ್ ಅಷ್ಟಕ್ಕಷ್ಟೆ. ಹದಿಹರೆಯದಲ್ಲಿ ಒಂದು ಪಂದ್ಯದಲ್ಲಿ ರೇಗಿ ಎದುರು ತಂಡದ ಬೆಂಚಿಗೇ ನುಗ್ಗಿ ಹೊಡೆದ. ಬೇರೆ ಕಡೆ ಆಗಿದ್ದರೆ ಅಲ್ಲಿಗೆ ಆಟ ಮುಗಿಯುತ್ತಿತ್ತು, ಅಲ್ವಾ? ಅಂದು ಅಲ್ಲಿ ಕೂತಿದ್ದ ಜೂನಿಯರ್ ತಂಡವೊಂದರ ಆಯ್ಕೆದಾರರು ಅದನ್ನು ನೋಡಿಯೇ ಅವನನ್ನು ಆರಿಸಿಕೊಂಡರು. ನನಗೆ ತುಂಬಾ ನೋವಾಗುವ ವಿಷಯ ಇದೇ. ಹುಡುಗನಿಗೆ ಆಡುವ ಆಸೆ ಇತ್ತು, ಅವರಿಗೆ ಬೇಕಾಗಿದ್ದು ಅವನ ಮುಷ್ಟಿ.

2005ರಲ್ಲಿ ಎನ್‌ಎಚ್‌ಎಲ್‌ಗೆ ಬಂದ. ಆರೂವರೆ ಅಡಿಗಿಂತ ಎತ್ತರ, ಸುಮಾರು 120 ಕೆಜಿ. 2006ರಲ್ಲಿ ಅವನು ಕೊಟ್ಟ ಒಂದು ಏಟಿಗೆ ಟಾಡ್ ಫೆಡೊರಕ್ ಎಂಬ ಎದುರಾಳಿಯ ಕೆನ್ನೆಯ ಮೂಳೆ ಪುಡಿಯಾಯಿತು, ಲೋಹದ ಪಟ್ಟಿ ಹಾಕಿ ಕೂಡಿಸಬೇಕಾಯಿತು. ಮುಂದೆ ಅದೇ ಫೆಡೊರಕ್ ಮಿನೆಸೋಟಾಗೇ ಬಂದು ಅವನ ಜೊತೆ ಆಡಿದ. ಇವರ ನಡುವೆ ವೈಯಕ್ತಿಕ ದ್ವೇಷ ಇರಲೇಬೇಕು ಅಂತೇನಿಲ್ಲ, ಅದು ಡ್ಯೂಟಿ. ನಾಳೆ ಎದುರಿಗೆ ಯಾರು ಅಂತ ಮೊದಲೇ ಗೊತ್ತಿರುತ್ತಿತ್ತು, ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅಂತ ಈ ಕೆಲಸ ಮಾಡಿದ ಹಲವರು ಆಮೇಲೆ ಹೇಳಿಕೊಂಡಿದ್ದಾರೆ.

ಬೂಗಾರ್ಡ್ ಆಡಿದ್ದು 277 ಪಂದ್ಯ, ಹೊಡೆದ ಗೋಲು 3, ಪೆನಾಲ್ಟಿ ಬಾಕ್ಸ್‌ನ ಲೆಕ್ಕಕ್ಕೆ ಸೇರಿದ್ದು 589 ನಿಮಿಷ. ಎರಡನೇ ಗೋಲಿಗೂ ಮೂರನೆಯದಕ್ಕೂ ನಡುವೆ ಸುಮಾರು ಐದು ವರ್ಷ ಕಾದ. ಬೆರಳಿನ ಗೆಣ್ಣು, ಮೂಗು, ಭುಜ, ಬೆನ್ನು ಎಲ್ಲವೂ ಪೆಟ್ಟು ತಿಂದವು. 2009ರ ಆಪರೇಷನ್‌ಗಳ ನಂತರ ನೋವಿನ ಮಾತ್ರೆ ಬಿಡಲಾಗದ ಚಟವಾಯಿತು. 2010ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ನಾಲ್ಕು ವರ್ಷಕ್ಕೆ 65 ಲಕ್ಷ ಡಾಲರ್ ಕೊಟ್ಟು ಕರೆದುಕೊಂಡಿತು. ಡಿಸೆಂಬರ್‌ನಲ್ಲಿ ಒಟ್ಟಾವದಲ್ಲಿ ಒಂದು ಗುದ್ದಾಟದಲ್ಲಿ ತಲೆಗೆ ಏಟು ಬಿತ್ತು. ಆಮೇಲೆ ಅವನು ಆಡಲೇ ಇಲ್ಲ. 2011ರ ಮೇ 13ರಂದು, ಮದ್ಯ ಮತ್ತು ನೋವಿನ ಮಾತ್ರೆ ಎರಡೂ ಸೇರಿ, ತೀರಿಕೊಂಡ. ವಯಸ್ಸು 28. ಮನೆಯವರು ಮೆದುಳನ್ನು ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ತಲೆಗೆ ಮತ್ತೆ ಮತ್ತೆ ಏಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಮೆದುಳಿನ ಕಾಯಿಲೆ ಆ ವಯಸ್ಸಿಗೇ ಸಾಕಷ್ಟು ಹಬ್ಬಿತ್ತು. ಅದು ಖಚಿತವಾಗುವುದು ಸತ್ತ ಮೇಲೆ ಮಾತ್ರ. ಅದೇ ಬೇಸಿಗೆಯಲ್ಲಿ ಇಂಥದ್ದೇ ಕೆಲಸ ಮಾಡಿದ್ದ ರಿಕ್ ರಿಪಿಯನ್, ವೇಡ್ ಬೆಲಾಕ್ ಕೂಡ ಹೋದರು.

ಪ್ರಶ್ನೆ: ಭಾರತ ಮೂಲದವರು ಯಾರಾದರೂ ಆ ಲೀಗ್‌ನಲ್ಲಿ ಆಡಿದ್ದಾರಾ? (ಓದುಗರು, ಹಾಸನ)

ಉತ್ತರ: ಆಡಿದ್ದಾರೆ. ಮೊದಲಿಗರು ರಾಬಿನ್ ಬಾವಾ. ಪಂಜಾಬಿ ಸಿಖ್ ಮನೆತನ, ಹುಟ್ಟಿ ಬೆಳೆದಿದ್ದು ಕೆನಡಾದಲ್ಲಿ. 1989ರಲ್ಲಿ ವಾಷಿಂಗ್ಟನ್ ತಂಡಕ್ಕೆ ಇಳಿದು, ಒಟ್ಟು 61 ಪಂದ್ಯ ಆಡಿದರು.

ಪ್ರಶ್ನೆ: ನಾವು ಕ್ಯಾಲ್ಗರಿಯಲ್ಲಿದ್ದೇವೆ. ಹತ್ತು ವರ್ಷದ ಮಗ ಹಾಕಿಗೆ ಸೇರಿದ್ದಾನೆ. ಮುಂದೆ ಅವನೂ ಹೊಡೆದಾಡಬೇಕಾಗುತ್ತಾ? ಭಯ ಆಗುತ್ತೆ. (ಒಬ್ಬ ತಾಯಿ)

ಉತ್ತರ: ಇಲ್ಲಮ್ಮ, ಆ ಭಯ ಬೇಡ. ಆ ವಯಸ್ಸಿನ ಮಕ್ಕಳ ಆಟದಲ್ಲಿ ಮೈಮೇಲೆ ಬಿದ್ದು ಡಿಕ್ಕಿ ಹೊಡೆಯುವುದನ್ನೇ 'ಹಾಕಿ ಕೆನಡಾ' ಸಂಸ್ಥೆ 2013ರಲ್ಲಿ ನಿಲ್ಲಿಸಿದೆ, ಇನ್ನು ಗುದ್ದಾಟ ಎಲ್ಲಿ ಬಂತು. ಕೆನಡಾದ ಕ್ವಿಬೆಕ್ ಜೂನಿಯರ್ ಲೀಗ್ 2023ರಿಂದ ಹೊಡೆದಾಟಕ್ಕೆ ಪೂರ್ತಿ ಬೇಡ ಅಂದಿದೆ. ಎನ್‌ಎಚ್‌ಎಲ್‌ನಲ್ಲೂ ಆಟ ವೇಗವಾಗಿದೆ, ಬರೀ ಹೊಡೆಯೋಕೆ ಅಂತ ಒಬ್ಬನನ್ನು ಬೆಂಚಿನಲ್ಲಿ ಕೂರಿಸುವುದು ತಂಡಗಳಿಗೆ ಕಟ್ಟುವುದಿಲ್ಲ.

ನೀವು ಗಮನ ಇಡಬೇಕಾದದ್ದು ತಲೆಯ ಮೇಲೆ. ಬಿದ್ದ ಮೇಲೆ ತಲೆನೋವು, ವಾಂತಿ, ಬೆಳಕು ಕಂಡರೆ ಹಿಂಸೆ, ಮಂಕಾಗಿ ಕೂರುವುದು, ಇದರಲ್ಲಿ ಒಂದು ಕಂಡರೂ ಅವತ್ತೇ ಆಟದಿಂದ ಹೊರಗೆ ಕರೆದುಕೊಳ್ಳಿ. ಮಗ ಅತ್ತರೂ, ಕೋಚ್ ಮುಖ ಸಣ್ಣದು ಮಾಡಿಕೊಂಡರೂ ಪರವಾಗಿಲ್ಲ. ಡಾಕ್ಟರ್ ನೋಡಿ ಸರಿ ಅನ್ನುವವರೆಗೆ ಸ್ಕೇಟ್ಸ್ ಕಟ್ಟಿಸಬೇಡಿ.