'ನಿಮ್ಮ ಬಗ್ಗೆ ಹೇಳಿ' ಅಂದ ಕೂಡಲೇ ತಲೆ ಖಾಲಿಯಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 22 ವರ್ಷ. ಡಿಗ್ರಿ ಮುಗಿದು ಎಂಟು ತಿಂಗಳಾಯಿತು. ಡೇಟಾ ಅನಾಲಿಸ್ಟ್ ಟ್ರೈನಿ ಕೆಲಸಕ್ಕೆ ಇಲ್ಲಿಯವರೆಗೆ ಐದು ಇಂಟರ್‌ವ್ಯೂಗೆ ಹೋಗಿ ಬಂದಿದ್ದೇನೆ. 'ನಿಮ್ಮ ಬಗ್ಗೆ ಹೇಳಿ' ಅನ್ನುವ ಮೊದಲ ಪ್ರಶ್ನೆಯಲ್ಲೇ ಸೋಲುತ್ತೇನೆ. ಹೆಸರು, ಊರು, ಅಪ್ಪ ಅಮ್ಮ, ಹವ್ಯಾಸ ಅಂತ ಶುರು ಮಾಡಿ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ. ಇಂಟರ್‌ನೆಟ್‌ನಲ್ಲಿ ಸಿಕ್ಕ ಒಂದು ಪ್ಯಾರಾ ಬಾಯಿಪಾಠ ಮಾಡಿಕೊಂಡು ಹೋದೆ, ಮೂರನೇ ಸಾಲಿಗೆ ಮರೆತುಹೋಯಿತು. ಧ್ವನಿ ನಡುಗುತ್ತದೆ. ಹೇಳಿಕೊಳ್ಳುವಂಥದ್ದು ನನ್ನಲ್ಲಿ ಏನೂ ಇಲ್ಲ. ಪ್ರಾಜೆಕ್ಟ್ ಅಂದರೆ ಕಾಲೇಜು ಲೈಬ್ರರಿಯ ಹಳೇ ರಿಜಿಸ್ಟರ್‌ಗಳನ್ನು ಕಂಪ್ಯೂಟರ್‌ಗೆ ಹಾಕಿದ್ದು, ಅಷ್ಟೇ. ನಾಲ್ಕು ಜನರ ಟೀಮ್. ಒಂದೇ ಪುಸ್ತಕಕ್ಕೆ ಐದಾರು ತರಹ ಹೆಸರು ಬರೆದಿದ್ದರು, ಅದನ್ನೆಲ್ಲ ಸರಿ ಮಾಡುತ್ತಾ ಎರಡು ವಾರ ನಾನೊಬ್ಬಳೇ ಕೂತಿದ್ದೆ. ಎರಡನೇ ವರ್ಷ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಫೇಲಾಗಿ ಒಂದು ವರ್ಷ ಬೇರೆ ಹೋಗಿದೆ. 'ಮೂರು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದೀನಿ ಅಂತ ಹೇಳು, ಯಾರೂ ಚೆಕ್ ಮಾಡಲ್ಲ' ಅನ್ನುತ್ತಾಳೆ ಗೆಳತಿ. ಅವಳಿಗೆ ಕೆಲಸ ಸಿಕ್ಕಿದೆ. ಮುಂದಿನ ವಾರ ನನಗೆ ಇನ್ನೊಂದು ಇಂಟರ್‌ವ್ಯೂ ಇದೆ. ಹಾಗೇ ಹೇಳಿಬಿಡಲಾ?

– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಒಂದು ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಆ ಸಾಲು ಯಾವುದು ಅಂತ ಆಮೇಲೆ ಹೇಳುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ: ಬೇಡ, ಹೇಳಬೇಡಿ.

ಸುಳ್ಳು ಹೇಳುವುದು ತಪ್ಪು ಅಂತ ನಿಮಗೂ ಗೊತ್ತು. ಗೊತ್ತಿರುವುದಕ್ಕೇ ಪತ್ರ ಬರೆದಿದ್ದೀರಿ. ಹಾಗಾಗಿ ನಾನು ಇನ್ನೊಂದು ಕಾರಣ ಹೇಳುತ್ತೇನೆ. ಬಹಳ ವರ್ಷ ನಾನು ಮೇಜಿನ ಆ ಕಡೆ, ಪ್ರಶ್ನೆ ಕೇಳುವವರ ಜೊತೆ ಕೂತವಳು. ಒಮ್ಮೆ ಒಬ್ಬ ಹುಡುಗ ಬಂದಿದ್ದ. ಚುರುಕಾಗಿದ್ದ. ಮೂರು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದೇನೆ ಅಂದ. ನನಗೆ ನಿಜಕ್ಕೂ ಕುತೂಹಲ ಆಯಿತು. 'ಮೊದಲ ದಿನ ಏನು ಕೆಲಸ ಕೊಟ್ಟರು?' ಅಂತ ಕೇಳಿದೆ. ಅವನನ್ನು ಸಿಕ್ಕಿಸಬೇಕು ಅಂತ ಅಲ್ಲ, ಸುಮ್ನೆ ಕೇಳಿದ್ದು. ಅವನ ಮುಖ ಬಿಳಿಚಿಕೊಂಡಿತು. ಅಲ್ಲಿಂದ ಮುಂದೆ ತನಗೆ ಚೆನ್ನಾಗಿ ಬರುವ ವಿಷಯದಲ್ಲೂ ತೊದಲಿದ. ಆ ಒಂದು ವಾಕ್ಯ ಹೇಳದೇ ಇದ್ದಿದ್ದರೆ ಅವನನ್ನೇ ತೆಗೆದುಕೊಳ್ಳುತ್ತಿದ್ದೆವು. ಅದು ಇವತ್ತಿಗೂ ನನಗೆ ಬೇಜಾರು.

ನಿಮ್ಮ ಗೆಳತಿ ಹೇಳಿದ ಹಾಗೆ ಯಾರೂ ಚೆಕ್ ಮಾಡದೇ ಇರಬಹುದು. ಆದರೆ ಕೇಳುತ್ತಾರೆ. ಯಾಕೆಂದರೆ ಆ ಮೊದಲ ಪ್ರಶ್ನೆ ಇರುವುದೇ ಮುಂದೆ ಏನು ಕೇಳಬೇಕು ಅಂತ ಗೊತ್ತುಮಾಡಿಕೊಳ್ಳೋದಕ್ಕೆ. ಎಷ್ಟೋ ಸಲ ನಾವು ಅಭ್ಯರ್ಥಿಯ ರೆಸ್ಯೂಮೆಯನ್ನು ಸರಿಯಾಗಿ ಓದುವುದೇ ಅವರು ಬಂದು ಕೂತ ಮೇಲೆ. ನೀವು ಮಾತಾಡುವಾಗ ನಮ್ಮ ಕಣ್ಣು ಒಮ್ಮೆ ಹಾಳೆಯ ಮೇಲೆ, ಒಮ್ಮೆ ನಿಮ್ಮ ಮೇಲೆ. ಕಿವಿ ಮಾತ್ರ ಒಂದು ಎಳೆಗಾಗಿ ಕಾಯುತ್ತಿರುತ್ತದೆ. ಸಿಕ್ಕಿದ ಎಳೆ ಹಿಡಿದು ಎಳೆಯುತ್ತೇವೆ. ಹವ್ಯಾಸ ಅಂದರೆ ಹವ್ಯಾಸದ ಬಗ್ಗೆ ಕೇಳುತ್ತೇವೆ. ಇಂಟರ್ನ್‌ಶಿಪ್ ಅಂದರೆ ಇಂಟರ್ನ್‌ಶಿಪ್ ಬಗ್ಗೆ. ಅಂದರೆ ಎರಡನೇ ಪ್ರಶ್ನೆ ಯಾವುದಿರಬೇಕು ಅನ್ನೋದು ದೊಡ್ಡ ಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ. ಇಡೀ ಇಂಟರ್‌ವ್ಯೂನಲ್ಲಿ ಇಷ್ಟು ಅಧಿಕಾರ ನಿಮಗೆ ಮತ್ತೆಲ್ಲೂ ಸಿಗುವುದಿಲ್ಲ. ಅದನ್ನು ಊರು, ಅಪ್ಪ ಅಮ್ಮನ ಹೆಸರು ಹೇಳುವುದರಲ್ಲಿ ಕಳೆದುಕೊಳ್ಳಬೇಡಿ. ಅದೆಲ್ಲ ಅರ್ಜಿಯಲ್ಲೇ ಇರುತ್ತದೆ ಅಲ್ವಾ?

ಸುಮಾರು 1482ರಲ್ಲಿ ಚಿತ್ರಕಲಾವಿದ ಲಿಯೊನಾರ್ಡೊ ಡ ವಿಂಚಿ ಇಟಲಿಯ ಮಿಲಾನ್‌ನ ಆಡಳಿತ ನಡೆಸುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧ ಮಾಡಿದ್ದ. ಆಗ ಅವನಿಗೆ ಮೂವತ್ತರ ಆಸುಪಾಸು. ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಫಿರಂಗಿ ಮಾಡಬಲ್ಲೆ, ಕೋಟೆಗೆ ಮುತ್ತಿಗೆ ಹಾಕುವಾಗ ಕಂದಕದ ನೀರು ತೆಗೆಯಬಲ್ಲೆ ಅಂತ ಒಂದೊಂದಾಗಿ ಬರೆದಿದ್ದಾನೆ. ಚಿತ್ರ ಬಿಡಿಸುವ ಮಾತು ಬರುವುದು ಕೊನೆಯಲ್ಲಿ. ಕೇಳುವವನಿಗೆ ಯುದ್ಧದ ಚಿಂತೆ ಇತ್ತು. ಬರೆದವನು ಅದಕ್ಕೆ ತಕ್ಕ ಹಾಗೆ ಸಾಲು ಜೋಡಿಸಿದ. ನಮ್ಮಲ್ಲಿ ಏನೇನಿದೆ ಅನ್ನುವುದಕ್ಕಿಂತ, ಎದುರಿಗೆ ಕೂತವರಿಗೆ ಅದರಲ್ಲಿ ಯಾವುದು ಬೇಕು ಅನ್ನುವುದೇ ಮೊದಲು ಬರಬೇಕು.

ಈಗ ನಾನು ಗೆರೆ ಎಳೆದ ಸಾಲಿಗೆ ಬರೋಣ. 'ಒಂದೇ ಪುಸ್ತಕಕ್ಕೆ ಐದಾರು ತರಹ ಹೆಸರು ಬರೆದಿದ್ದರು, ಅದನ್ನೆಲ್ಲ ಸರಿ ಮಾಡುತ್ತಾ ಎರಡು ವಾರ ನಾನೊಬ್ಬಳೇ ಕೂತಿದ್ದೆ.' ನೀವು ಇದನ್ನು ಗೋಳು ಅಂತ ಬರೆದಿದ್ದೀರಿ. ಡೇಟಾ ಅನಾಲಿಸ್ಟ್ ಆಗಿ ಕೆಲಸ ಮಾಡುವ ಯಾರನ್ನಾದರೂ ಕೇಳಿ ನೋಡಿ. ಅವರ ಸಮಯದಲ್ಲಿ ದೊಡ್ಡ ಪಾಲು ಹೋಗುವುದೇ ಇದಕ್ಕೆ. ಅದಕ್ಕೆ ಅವರು ಡೇಟಾ ಕ್ಲೀನಿಂಗ್ ಅನ್ನುತ್ತಾರೆ. ಹೆಸರು ಒಂದಕ್ಕೊಂದು ಹೊಂದದೇ ಇದ್ದರೆ ಎಣಿಕೆ ತಪ್ಪುತ್ತದೆ. ಎಣಿಕೆ ತಪ್ಪಿದರೆ ಎಷ್ಟೇ ಚಂದದ ಗ್ರಾಫ್ ಹಾಕಿದರೂ ಅದು ಹೇಳುವುದು ಸುಳ್ಳೇ. ಇದನ್ನು ತಾಳ್ಮೆಯಿಂದ ಕೂತು ಮಾಡುವವರು ಸುಲಭಕ್ಕೆ ಸಿಗುವುದಿಲ್ಲ. ಐದು ಇಂಟರ್‌ವ್ಯೂನಲ್ಲಿ ಈ ಮಾತು ನಿಮ್ಮ ಬಾಯಿಂದ ಒಮ್ಮೆಯೂ ಬಂದಿಲ್ಲ ಅನ್ನಿಸುತ್ತದೆ.

ನಿಮ್ಮ ಪತ್ರದಲ್ಲಿರುವುದನ್ನೇ ಇಟ್ಟುಕೊಂಡು ನಾನು ಒಂದು ಪರಿಚಯ ಬರೆದಿದ್ದೇನೆ, ನೋಡಿ:

'ನಾನು ಈಚೆಗೆ ಡಿಗ್ರಿ ಮುಗಿಸಿದ್ದೇನೆ. ಗೊಂದಲವಾಗಿರುವ ಡೇಟಾವನ್ನು ಕೂತು ಸರಿ ಮಾಡುವ ಕೆಲಸ ನನಗೆ ಬರುತ್ತದೆ ಅಂತ ಗೊತ್ತಾಗಿದ್ದು ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ. ಕಾಲೇಜು ಲೈಬ್ರರಿಯ ಹಳೇ ರಿಜಿಸ್ಟರ್‌ಗಳನ್ನು ನಾವು ನಾಲ್ಕು ಜನ ಸೇರಿ ಕಂಪ್ಯೂಟರ್‌ಗೆ ಹಾಕಿದೆವು. ಒಂದೇ ಪುಸ್ತಕ ಐದಾರು ಹೆಸರಲ್ಲಿ ಇತ್ತು. ಅದನ್ನೆಲ್ಲ ಒಂದು ಮಾಡಿದ್ದು ನಾನು. ಎರಡು ವಾರ ಹಿಡಿಯಿತು. ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಗಿದೆ ಅಂತ ಸರಿಯಾಗಿ ಲೆಕ್ಕ ಸಿಕ್ಕಿದ್ದು ಆಮೇಲೆಯೇ. ನಿಮ್ಮ ಜಾಹೀರಾತಿನಲ್ಲಿ ಡೇಟಾ ಕ್ಲೀನಿಂಗ್ ಅಂತ ನೋಡಿದೆ. ಅದಕ್ಕೇ ಈ ಕೆಲಸಕ್ಕೆ ಅರ್ಜಿ ಹಾಕಿದೆ.'

ನಿಧಾನವಾಗಿ ಓದಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಇನ್ನೊಂದು ಮಾತು ಸೇರಿಸಬೇಕು ಅನ್ನಿಸಿದರೆ ಒಂದೂವರೆ ನಿಮಿಷದವರೆಗೆ ಹೋಗಬಹುದು, ಅದಕ್ಕಿಂತ ಜಾಸ್ತಿ ಬೇಡ. ಒಂದು ಎಚ್ಚರಿಕೆ: ಲೆಕ್ಕ ಸಿಕ್ಕಿತು, ಜಾಹೀರಾತಿನಲ್ಲಿ ಹಾಗಿತ್ತು ಅಂತ ನಾನು ಊಹೆ ಮಾಡಿ ಬರೆದಿದ್ದೇನೆ. ಅದು ನಿಜವಲ್ಲದಿದ್ದರೆ ತೆಗೆದು, ನಿಜವಾಗಿ ಆದದ್ದನ್ನು ಹಾಕಿ. ಮುಂದಿನ ವಾರದ ಇಂಟರ್‌ವ್ಯೂನ ಜಾಹೀರಾತನ್ನು ಇವತ್ತೇ ತೆಗೆದು ಓದಿ. ಅದರಲ್ಲಿರುವ ಯಾವ ಕೆಲಸವನ್ನು ನೀವು ಒಮ್ಮೆಯಾದರೂ ಮಾಡಿದ್ದೀರಿ ಅಂತ ನೋಡಿಕೊಳ್ಳಿ. 'ನಾವು' ಮತ್ತು 'ನಾನು' ಎರಡನ್ನೂ ಬೇರೆ ಬೇರೆಯಾಗಿ ಹೇಳಿದ್ದನ್ನು ಗಮನಿಸಿದಿರಾ? ಟೀಮ್ ಮಾಡಿದ್ದಕ್ಕೆ 'ನಾವು', ನೀವು ಮಾಡಿದ್ದಕ್ಕೆ 'ನಾನು'. ಉಳಿದವರು ಕೆಲಸ ಮಾಡಲಿಲ್ಲ ಅನ್ನುವ ದೂರು ಮಾತ್ರ ಅಲ್ಲಿ ಬೇಡ. 'ಕಷ್ಟಪಟ್ಟು ಕೆಲಸ ಮಾಡುತ್ತೇನೆ, ಬೇಗ ಕಲಿಯುತ್ತೇನೆ' ಅಂತ ಕೂಡ ಹೇಳುವ ಅಗತ್ಯ ಇಲ್ಲ. ಎರಡು ವಾರ ರಿಜಿಸ್ಟರ್ ಮುಂದೆ ಕೂತಿದ್ದೆ ಅಂದರೆ ಕೇಳಿದವರಿಗೆ ಅದು ತಾನಾಗಿ ಅರ್ಥವಾಗುತ್ತದೆ.

ದಯವಿಟ್ಟು ಇದನ್ನೂ ಬಾಯಿಪಾಠ ಮಾಡಬೇಡಿ. ಬಾಯಿಪಾಠದಲ್ಲಿ ಒಂದು ಪದ ತಪ್ಪಿದರೆ ಮುಂದಿನದೆಲ್ಲ ಬಿದ್ದುಹೋಗುತ್ತದೆ, ನಿಮಗೆ ಆದದ್ದೂ ಅದೇ. ಮೂರು ವಿಷಯ ನೆನಪಿಟ್ಟುಕೊಳ್ಳಿ: ಏನು ಇಷ್ಟ, ಎಲ್ಲಿ ಮಾಡಿದೆ, ಇಲ್ಲಿಗೆ ಯಾಕೆ ಬಂದೆ. ಪದಗಳು ಪ್ರತಿ ಸಲ ಬೇರೆ ಬರಲಿ. ಮನೆಯಲ್ಲಿ ಮಾತಾಡುವ ಭಾಷೆ ಒಂದು, ಇಂಟರ್‌ವ್ಯೂನ ಭಾಷೆ ಇನ್ನೊಂದು ಆಗಿದ್ದರೆ ಚಿಕ್ಕ ಚಿಕ್ಕ ವಾಕ್ಯ ಸಾಕು.

ಧ್ವನಿ ನಡುಗುವ ವಿಷಯ. ನಿಮ್ಮ ಎದೆ ಹೊಡೆದುಕೊಳ್ಳುವುದು ಎದುರಿನವರಿಗೆ ಕೇಳಿಸುತ್ತಿದೆ ಅಂತ ನಿಮಗೆ ಅನ್ನಿಸುತ್ತದೆ ಅಲ್ವಾ? ಕೇಳಿಸುವುದಿಲ್ಲ. 2003ರಲ್ಲಿ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಅನ್ನುವ ಮನಃಶಾಸ್ತ್ರಜ್ಞರು ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಭಾಷಣ ಮಾಡಲು ಹೇಳಿದ್ದರು. ಭಾಷಣ ಮಾಡಿದವರು ತಮ್ಮ ಭಯ ತುಂಬಾ ಕಾಣಿಸಿತು ಅಂದುಕೊಂಡರು, ನೋಡಿದವರಿಗೆ ಅಷ್ಟು ಕಂಡಿರಲಿಲ್ಲ. ನನಗೆ ಹಿಡಿಸಿದ್ದು ಅದರ ಮುಂದಿನ ಭಾಗ. 'ನಿಮ್ಮ ಭಯ ನೀವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ' ಅಂತ ಕೆಲವರಿಗೆ ಮೊದಲೇ ವಿವರಿಸಿದ್ದರು. ಅವರ ಭಾಷಣ ಉಳಿದವರಿಗಿಂತ ಚೆನ್ನಾಗಿ ಬಂತು, ನೋಡಿದವರೂ ಹಾಗೇ ಹೇಳಿದರು. ಈಗ ನಿಮಗೂ ವಿಷಯ ಗೊತ್ತಾಯಿತು. ಪ್ರಶ್ನೆ ಮುಗಿದ ತಕ್ಷಣ ಬಾಯಿ ತೆರೆಯಬೇಕಿಲ್ಲ, ಒಂದು ಉಸಿರು ತೆಗೆದುಕೊಳ್ಳಿ. ನಿಮಗೆ ಅದು ಒಂದು ಯುಗ ಅನ್ನಿಸಬಹುದು. ನಮಗೆ ಅದು ಯೋಚನೆ ಮಾಡಿ ಮಾತಾಡುವ ಹುಡುಗಿ ಅಂತ ಕಾಣುತ್ತದೆ.

ಫೇಲಾಗಿದ್ದನ್ನು ಪರಿಚಯದಲ್ಲಿ ಹೇಳುವುದು ಬೇಡ. ಕೇಳಿದರೆ ಮುಚ್ಚಿಡುವುದೂ ಬೇಡ. 'ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಫೇಲಾದೆ, ಮತ್ತೆ ಕೂತು ಓದಿ ಪಾಸ್ ಮಾಡಿದೆ.' ಇಷ್ಟು ಹೇಳಿ ನಿಲ್ಲಿಸಿ. ಕಾರಣ, ಕ್ಷಮೆ, ಸಮಜಾಯಿಷಿ ಏನೂ ಬೇಕಿಲ್ಲ. ನೀವು ಅರ್ಜಿ ಹಾಕುತ್ತಿರುವ ಕೆಲಸಕ್ಕೆ ಆ ವಿಷಯ ಬೇಕಾಗಿರುವುದರಿಂದ, ಈಗ ಅದರಲ್ಲಿ ಯಾವ ಭಾಗ ಚೆನ್ನಾಗಿ ಬರುತ್ತದೆ ಅಂತ ಕೇಳಬಹುದು. ಅದೊಂದಕ್ಕೆ ತಯಾರಿ ಮಾಡಿಕೊಳ್ಳಿ, ಅರ್ಧ ದಿನ ಸಾಕು.

ಇನ್ನು 'ನನ್ನಲ್ಲಿ ಏನೂ ಇಲ್ಲ' ಅಂದಿರಲ್ಲ, ಅದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಐದು ಸಲ ಇಲ್ಲ ಅನ್ನಿಸಿಕೊಂಡ ಮೇಲೆ ಯಾರಿಗೇ ಆದರೂ ಹಾಗೆ ಅನ್ನಿಸುತ್ತದೆ. ಆದರೆ ಯಾರೂ ಹೇಳದೆ, ಯಾರೂ ನೋಡದೆ ಎರಡು ವಾರ ಕೂತು ಒಂದು ಕೆಲಸ ಮುಗಿಸಿದ್ದೀರಿ. ಅದು ನಿಮ್ಮ ಕೈಯಿಂದಲೇ ಆಗಿದ್ದು.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಆ ಗೆಳತಿಗೇ ಫೋನ್ ಮಾಡಿ. ಇಂಟರ್ನ್‌ಶಿಪ್ ಇಲ್ಲದ, ನಿಮ್ಮದೇ ಪರಿಚಯವನ್ನು ಅವಳಿಗೆ ಹೇಳಿ. ಹೇಗಿತ್ತು ಅಂತ ಕೇಳಬೇಡಿ, ಚೆನ್ನಾಗಿತ್ತು ಅಂದುಬಿಡುತ್ತಾಳೆ. 'ಇದನ್ನು ಕೇಳಿದ ಮೇಲೆ ನೀನು ನನ್ನನ್ನು ಏನು ಕೇಳುತ್ತೀಯಾ?' ಅಂತ ಕೇಳಿ. 'ಆ ಪುಸ್ತಕದ ಹೆಸರುಗಳನ್ನೆಲ್ಲ ಹೇಗೆ ಸರಿ ಮಾಡಿದೆ?' ಅಂತ ಅವಳು ಕೇಳಿದರೆ ನೀವು ತಯಾರಾಗಿದ್ದೀರಿ. ಬೇರೆ ಏನಾದರೂ ಕೇಳಿದರೆ ಆ ಪ್ರಶ್ನೆ ಹುಟ್ಟಿಸಿದ ಸಾಲನ್ನು ತೆಗೆದುಹಾಕಿ, ನಾಳೆ ಮತ್ತೆ ಫೋನ್ ಮಾಡಿ.