ಟೈನೆಮ್ ಹಳ್ಳಿಯವರು ಮರಳಿ ಬಂದರೇ?

ಇಂಗ್ಲೆಂಡಿನ ಡಾರ್ಸೆಟ್‌ನ ಟೈನೆಮ್ ಹಳ್ಳಿಯವರು ಎರಡನೇ ಮಹಾಯುದ್ಧ ಮುಗಿದ ಮೇಲೆ ಮರಳಿದರೇ ಎಂದು ಕೇಳಿದ್ದೀರಿ. ಇಲ್ಲ, ಅವರನ್ನು ಮರಳಲು ಬಿಡಲೇ ಇಲ್ಲ. 1943ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಇನ್ನೇನು ಬಂತು ಎನ್ನುವಾಗ, ಸೇನಾ ತರಬೇತಿಗೆಂದು ಇನ್ನೂರಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿದರು. ಹೊರಡುವಾಗ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಚರ್ಚನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ಮರಳುತ್ತೇವೆ ಎಂದು. ಅಷ್ಟು ನಂಬಿದವರ ನೆಲವನ್ನು 1948ರಲ್ಲಿ ಸರ್ಕಾರ ಕಡ್ಡಾಯವಾಗಿ ಕೊಂಡುಕೊಂಡಿತು. ನನ್ನ ಮಟ್ಟಿಗೆ ಇದು ಶುದ್ಧ ಅನ್ಯಾಯ. ಈಗ ಮನೆಗಳಿಗೆ ಸೂರಿಲ್ಲ, ಬರೀ ಕಲ್ಲುಗೋಡೆ. ಚರ್ಚ್ ಮತ್ತು ಶಾಲೆ ವಸ್ತುಸಂಗ್ರಹಾಲಯವಾಗಿವೆ. ಶಾಲೆಯಲ್ಲಿ ಕೋಟು ನೇತುಹಾಕುವ ಗೂಟಗಳ ಬಳಿ ಮಕ್ಕಳ ಹೆಸರುಗಳಿವೆ. ಹೆಚ್ಚಿನ ವಾರಾಂತ್ಯಗಳಲ್ಲಿ ಪ್ರವೇಶವಿರುತ್ತದೆ. ಉಳಿದ ದಿನಗಳಲ್ಲಿ ಗುಂಡಿನ ಅಭ್ಯಾಸ ನಡೆಯುವುದರಿಂದ, ಹೊರಡುವ ಮೊದಲು ವೇಳಾಪಟ್ಟಿ ನೋಡಿಕೊಳ್ಳಿ.